ಆಳು ಸಿಗಲ್ಲ ಅಂದೆಯಲ್ಲ, ಅದಕ್ಕೆ

ಸಕಲೇಶಪುರ
ಅಕ್ಟೋಬರ್ 2025

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಸುಮ್ನೆ ಜಗಳ ಆಡಿಬಿಟ್ಟೆವು. ನನ್ನ ಅಂಗಡಿ ಮುಂದೆ ನಾಲ್ಕು ಜನ ಜೆರಾಕ್ಸಿಗೆ ಕಾಯುತ್ತಿದ್ದರು, ನೀನು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಇಬ್ಬರಿಗೂ ತಾಳ್ಮೆ ಇರಲಿಲ್ಲ. ಫೋನ್ ಇಟ್ಟ ಮೇಲೆ ನನಗೇ ಬೇಜಾರಾಯಿತು. ಅದಕ್ಕೇ ಬರೆಯೋಣ ಅಂತ ಕೂತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ. ನಿನ್ನ ಹಾಗೆಯೇ ಮಾತಾಡುವವರು ಇಲ್ಲಿ ಸುಮಾರು ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನೀನು ಅಂದದ್ದು ಇಷ್ಟು: "ಗೃಹಲಕ್ಷ್ಮಿ ಬಂದ ಮೇಲೆ ತೋಟಕ್ಕೆ ಆಳೇ ಸಿಗಲ್ಲ ಕಣೋ. ಬಿಟ್ಟಿ ದುಡ್ಡು ಕೊಟ್ಟು ಜನರನ್ನ ಸೋಮಾರಿ ಮಾಡಿದ್ದಾರೆ. ರಾಜ್ಯ ದಿವಾಳಿ ಆಗುತ್ತೆ, ನೋಡ್ತಾ ಇರು."

ಆಳು ಕಮ್ಮಿಯಾಗಿರುವುದು ನಿಜ, ಒಪ್ಪಿದೆ. ಆದರೆ ಅದು ಶುರುವಾದದ್ದು ಗೃಹಲಕ್ಷ್ಮಿ ಬಂದ 2023ರಲ್ಲಿ ಅಲ್ಲ. ನಾವು ಹೈಸ್ಕೂಲಿನಲ್ಲಿ ಇದ್ದಾಗಲೇ ನಿಮ್ಮಪ್ಪ ಇದೇ ಮಾತು ಹೇಳುತ್ತಿದ್ದರು. ತೋಟದ ಕೂಲಿಯವರ ಸಾಲುಮನೆ, ಅಂದರೆ ಲೈನ್ ಮನೆಯ ಹುಡುಗಿಯರು ಹಾಸನದ ಗಾರ್ಮೆಂಟ್ಸಿಗೆ ಹೋದರು, ಹುಡುಗರು ಬೆಂಗಳೂರಿನ ಬೇಕರಿಗಳಿಗೆ ಹೋದರು. ಉಳಿದವರು ಆನೆ ಕಾಟಕ್ಕೆ ಬೆಳಗ್ಗೆ ಎಂಟರ ಮೊದಲು ಮನೆ ಬಿಡಲ್ಲ. ಹೆತ್ತೂರು ಕಡೆ ಹೇಗಿದೆ ಅಂತ ನಿನಗೆ ನಾನು ಹೇಳಬೇಕಾ?

ಈಗ ನನ್ನ ಅಂಗಡಿಯ ಒಂದು ದಿನದ ಕತೆ ಕೇಳು. ಜೆರಾಕ್ಸ್ ಜೊತೆಗೆ ಈಗ ಬೆರಳು ಒತ್ತಿ ದುಡ್ಡು ತೆಗೆಯುವ ಯಂತ್ರವನ್ನೂ ಇಟ್ಟಿದ್ದೇನೆ. ಗೃಹಲಕ್ಷ್ಮಿಯ ಎರಡು ಸಾವಿರ ಬಿದ್ದ ವಾರ ಅಂಗಡಿ ಮುಂದೆ ಸೀರೆಗಳದೇ ಸಾಲು. ವಯಸ್ಸಾದ ಹೆಂಗಸರ ಬೆರಳು ಬೀಳುವುದೇ ಇಲ್ಲ. ಮೂವತ್ತು ನಲವತ್ತು ವರ್ಷ ಕಾಫಿ ಕುಯ್ದು, ಮೆಣಸು ಬಿಡಿಸಿ ಗೆರೆಯೆಲ್ಲ ಸವೆದುಹೋಗಿದೆ. ಹೆಬ್ಬೆರಳನ್ನು ತಲೆಗೂದಲಿಗೆ ಉಜ್ಜು ಅನ್ನುತ್ತೇನೆ. ಕೂದಲ ಎಣ್ಣೆ ತಾಗಿದರೆ ಒಂದೊಂದು ಸಲ ಯಂತ್ರಕ್ಕೆ ಗೆರೆ ಕಾಣುತ್ತದೆ. ಬಲಗೈ ಆಗದಿದ್ದರೆ ಎಡಗೈ, ಹೆಬ್ಬೆರಳು ಆಗದಿದ್ದರೆ ಉಂಗುರದ ಬೆರಳು. ಹತ್ತೂ ಬೆರಳು ಮುಗಿದ ಮೇಲೆ "ಸರ್ವರ್ ಬ್ಯುಸಿ" ಅಂತ ಬರುತ್ತದೆ. ಒಬ್ಬ ಅಜ್ಜಿ ತನ್ನ ಬೆರಳನ್ನೇ ನೋಡಿಕೊಂಡು, "ಇದು ನಂದೇ ಕಣಪ್ಪ" ಅಂದಳು. ನಿಮ್ಮ ಪಕ್ಕದ ತೋಟದ ಲೈನಿನವಳೇ. ಸೋಮಾರಿ ಅಂದೆಯಲ್ಲ, ಆಗ ನನಗೆ ನೆನಪಾಗಿದ್ದು ಆ ಬೆರಳು.

ಆ ಅಜ್ಜಿಯ ಸೊಸೆ ಒಬ್ಬಳಿದ್ದಾಳೆ, ನಲವತ್ತರ ಆಸುಪಾಸು. ಎರಡು ಸಾವಿರ ಬಂದ ದಿನವೇ ತೆಗೆಯುತ್ತಾಳೆ. ಕೌಂಟರಿನ ಮೇಲೆಯೇ ನೋಟು ಭಾಗ ಮಾಡುತ್ತಾಳೆ. ಒಂದು ಪಾಲು ಮಂಗಳವಾರದ ಸಂಘಕ್ಕೆ, ಇನ್ನೊಂದು ಶುಕ್ರವಾರದ ಫೈನಾನ್ಸಿಗೆ. ಉಳಿದ ಮುನ್ನೂರೋ ನಾನೂರೋ ಸೆರಗಿನ ಗಂಟಿಗೆ. ಸಾಲ ಮಾಡಿದ್ದು ಯಾಕೆ ಅಂತ ಒಮ್ಮೆ ಕೇಳಿದ್ದೆ. ಗಂಡನ ಆಪರೇಷನ್ನಿಗೆ ಒಂದು, ಆ ಸಾಲದ ಕಂತು ಕಟ್ಟಲು ಇನ್ನೊಂದು, ಎರಡನೆಯದನ್ನು ತೀರಿಸಲು ಮೂರನೆಯದು.

ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಆ ಆದಾಯ ಎಷ್ಟು ಅಂತ ಫಾರಂನಲ್ಲಿ ಬರೆಯುವವನು ಸಾಲ ಕೊಡಲು ಬಂದ ಹುಡುಗನೇ. ಅವನಿಗೆ ಟಾರ್ಗೆಟ್ ಇರುತ್ತದೆ. ಊರು ಬಿಟ್ಟು ಹೋದವರ, ನೇಣು ಹಾಕಿಕೊಂಡವರ ಸುದ್ದಿ ಒಂದರ ಹಿಂದೆ ಒಂದು ಬಂದ ಮೇಲೆ ಈ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದಾದ ಮೇಲೆ ನಮ್ಮ ಕಡೆ ವಸೂಲಿ ಹುಡುಗರ ದನಿ ಸ್ವಲ್ಪ ತಗ್ಗಿದೆ. ಕಂತು ತಗ್ಗಿಲ್ಲ.

ಹಾಗಾದರೆ ಆ ಎರಡು ಸಾವಿರದಿಂದ ಏನು ಬದಲಾಯಿತು ಅಂತೀಯ. ಹೋದ ತಿಂಗಳು ಆ ಸೊಸೆ ನೋಟು ಎಣಿಸುತ್ತಲೇ ಹೇಳಿದಳು: "ಈ ಸಲ ರೈಟ್ರಿಗೆ ಮುಂಗಡ ಬೇಡ ಅಂದೆ ಅಣ್ಣ."

ನಿನಗೆ ಈ ಮಾತಿನ ತೂಕ ಗೊತ್ತಾಗಲಿಕ್ಕಿಲ್ಲ, ನನಗೆ ಗೊತ್ತು. ನಿಮ್ಮ ತೋಟದ ಲೆಕ್ಕ ಬರೆಯುವ ರೈಟರು ನನ್ನಪ್ಪ ಅಲ್ವಾ? ಶನಿವಾರದ ಬಟವಾಡೆಗೆ ನಾವಿಬ್ಬರೂ ಆಫೀಸಿನ ಮೆಟ್ಟಿಲ ಮೇಲೆ ಕೂತು ಕಡ್ಲೆಕಾಯಿ ತಿನ್ನುತ್ತಿದ್ದೆವು. ಅಪ್ಪನ ಮೇಜಿನ ಮೇಲೆ ಎರಡು ಪುಸ್ತಕ. ಒಂದು ಹಾಜರಿಯದು, ಇನ್ನೊಂದು ಕೆಂಪು ರಟ್ಟಿನದು, ಮುಂಗಡದ್ದು. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಕೊಟ್ಟ ಐನೂರು, ಮದುವೆಗೆ ಕೊಟ್ಟ ಎರಡು ಸಾವಿರ, ಎಲ್ಲ ಅದರಲ್ಲಿ. ಒಮ್ಮೆ ಆ ಪುಸ್ತಕದಲ್ಲಿ ಹೆಸರು ಬಿದ್ದರೆ ಆ ವರ್ಷದ ಕುಯ್ಲು ನಿಮ್ಮ ತೋಟದ್ದೇ. ಪಕ್ಕದ ತೋಟದಲ್ಲಿ ಕೆ.ಜಿ.ಗೆ ನಾಲ್ಕಾಣೆ ಜಾಸ್ತಿ ಕೊಟ್ಟರೂ ಹೋಗುವ ಹಾಗಿಲ್ಲ. ಮುಂಗಡ ತೀರುವ ಹೊತ್ತಿಗೆ ಮತ್ತೆ ಮಳೆಗಾಲ. ನಿಮ್ಮಪ್ಪ ಕೆಟ್ಟವರಲ್ಲ, ನಾನು ಹಾಗಂತ ಯಾವತ್ತೂ ಅಂದಿಲ್ಲ. ನನ್ನ ಪಿಯುಸಿ ಫೀಸು ಕಟ್ಟಿದವರು ಅವರೇ. ಆದರೆ ಆ ಕೆಂಪು ಪುಸ್ತಕ ಬರೆದ ಕೈ ನನ್ನಪ್ಪನದು, ಅದು ನನಗೆ ಈಗಲೂ ಚುಚ್ಚುತ್ತದೆ.

ಈ ವರ್ಷ ಅವಳ ಹೆಸರು ಅಂಥ ಪುಸ್ತಕದಲ್ಲಿ ಇಲ್ಲ. ಮಳೆಗಾಲದ ಮೂರು ತಿಂಗಳನ್ನು ಅನ್ನಭಾಗ್ಯದ ಅಕ್ಕಿಯಲ್ಲಿ, ಸೆರಗಿನ ಗಂಟಿನಲ್ಲಿ ದಾಟಿದ್ದಾಳೆ. ಈಗ ಯಾವ ತೋಟದಲ್ಲಿ ರೇಟ್ ಎಷ್ಟು ಅಂತ ಕೇಳಿಕೊಂಡು ಓಡಾಡುತ್ತಿದ್ದಾಳೆ, ಅದೂ ಫ್ರೀ ಬಸ್ಸಿನಲ್ಲಿ. ನೀನು ಆಳು ಸಿಗಲ್ಲ ಅನ್ನುವುದು ಇದಕ್ಕೇ. ಆಳು ಇದ್ದಾರೆ ಮಾರಾಯ. ನೀನು ಹೇಳಿದ ರೇಟಿಗೆ ಇಲ್ಲ, ಅಷ್ಟೇ. ನೀನು ನಿನ್ನ ಕಂಪನಿ ಬಿಟ್ಟು ಇನ್ನೊಂದು ಕಂಪನಿಗೆ ಹೋದಾಗ ನಿನ್ನನ್ನು ಯಾರೂ ಸೋಮಾರಿ ಅನ್ನಲಿಲ್ಲ, ಪಾರ್ಟಿ ಕೊಡು ಅಂದರು.

ಇನ್ನೂ ಒಂದು ವಿಷಯ, ನಮ್ಮ ಜಿಲ್ಲೆಯವರು ಯಾರೂ ಜೋರಾಗಿ ಮಾತಾಡದ್ದು. ಈ ಆಗಸ್ಟಿನಲ್ಲಿ ನಮ್ಮ ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ ಅತ್ಯಾಚಾರದ ಕೇಸಿನಲ್ಲಿ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ದೂರು ಕೊಟ್ಟವಳು ಮನೆಗೆಲಸಕ್ಕಿದ್ದ ಹೆಂಗಸು. 2024ರ ಚುನಾವಣೆ ಹೊತ್ತಿನಲ್ಲಿ ಹಾಸನದಲ್ಲಿ ಹೆಂಗಸರ ವಿಡಿಯೋ ತುಂಬಿದ ಪೆನ್‌ಡ್ರೈವ್ ಬೀದಿ ಬೀದಿಯಲ್ಲಿ ಬಿದ್ದಾಗ, ಅಂಗಡಿಗೆ ಬಂದ ಗಂಡಸರು ಮಾಡಿದ ತಮಾಷೆ ನೆನೆದರೆ ಈಗಲೂ ಮೈ ಉರಿಯುತ್ತದೆ. ದೊಡ್ಡ ಮನೆಗೆ ಎದುರು ನಿಂತು ಕೋರ್ಟಿಗೆ ಹೋಗುವುದಕ್ಕೆ ಎಂಥ ಗುಂಡಿಗೆ ಬೇಕು. ಅದಕ್ಕೂ ಎರಡು ಸಾವಿರಕ್ಕೂ ಸಂಬಂಧ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ನಾಳೆಯ ಅಕ್ಕಿಗೆ ಆ ಮನೆಯನ್ನೇ ನಂಬಿಕೊಂಡ ಹೆಂಗಸು ಎಷ್ಟು ಸಲ ಬಾಯಿ ಮುಚ್ಚಿಕೊಂಡಿರಬೇಕು ಅಂತ ಯೋಚನೆ ಮಾಡು.

ದಿವಾಳಿ ಮಾತಿಗೆ ಬರುತ್ತೇನೆ. ಈ ವರ್ಷದ ಬಜೆಟ್ 4,09,549 ಕೋಟಿ. ಐದೂ ಗ್ಯಾರಂಟಿಗೆ ಇಟ್ಟದ್ದು 51,034 ಕೋಟಿ. ರೂಪಾಯಿಗೆ ಎರಡಾಣೆ. ಸಾಲ 1.16 ಲಕ್ಷ ಕೋಟಿ ಎತ್ತುತ್ತಿದ್ದಾರೆ, ಅದು ಜಾಸ್ತಿಯೇ. ಆದರೆ 2019ರಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು 30 ಪರ್ಸೆಂಟಿನಿಂದ 22ಕ್ಕೆ ಇಳಿಸಿದಾಗ ಖೋತಾ ಆಗುವುದು ವರ್ಷಕ್ಕೆ 1.45 ಲಕ್ಷ ಕೋಟಿ ಅಂತ ಅವರೇ ಹೇಳಿದ್ದರು. ಆಗ ನೀನು "ಬೋಲ್ಡ್ ಸ್ಟೆಪ್" ಅಂತ ಮೆಸೇಜ್ ಕಳಿಸಿದ್ದೆ. ಇಡೀ ದೇಶದ ಲೆಕ್ಕವನ್ನು ಒಂದು ರಾಜ್ಯದ ಜೊತೆ ಹೋಲಿಸಬಾರದು ಅಂತೀಯ. ಸರಿ, ಬಿಡು. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆ ಪಾಲಿನಲ್ಲಿ ನಮ್ಮ ರಾಜ್ಯಕ್ಕೆ 14ನೇ ಹಣಕಾಸು ಆಯೋಗ 4.713 ಪರ್ಸೆಂಟ್ ಕೊಟ್ಟಿತ್ತು, 15ನೆಯದು 3.647ಕ್ಕೆ ಇಳಿಸಿತು. ಅದೂ ಲೆಕ್ಕವೇ ಅಲ್ವಾ?

ಬಿಟ್ಟಿ ಅಂದೆಯಲ್ಲ, ಒಂದು ಹಳೇ ಲೆಕ್ಕ ನೆನಪಿಸುತ್ತೇನೆ. 1974ರಲ್ಲಿ ದೇವರಾಜ ಅರಸು ಭೂಸುಧಾರಣೆ ಕಾನೂನು ಬಿಗಿ ಮಾಡಿದಾಗ ಗದ್ದೆಗಳು ಗೇಣಿದಾರರ ಹೆಸರಿಗೆ ಹೋದವು. ಕಾಫಿ ತೋಟಗಳಿಗೆ ವಿನಾಯಿತಿ ಸಿಕ್ಕಿತು. ಕಾಫಿ ಬೆಲೆ ಬಿದ್ದು ಬೆಳೆಗಾರರು ಮುಳುಗಿದಾಗ 2010ರಲ್ಲಿ ಕೇಂದ್ರದಿಂದ ಸಾಲ ಪರಿಹಾರದ ಪ್ಯಾಕೇಜ್ ಬಂತು. ಬರಬೇಕಿತ್ತು, ನಾನೇ ಖುಷಿಪಟ್ಟಿದ್ದೆ. ಈಗ ಸರ್ಕಾರಿ ಜಮೀನು ಒತ್ತುವರಿ ಮಾಡಿ ತೋಟ ಮಾಡಿದವರಿಗೆ 25 ಎಕರೆವರೆಗೆ 30 ವರ್ಷ ಲೀಸ್ ಕೊಡಲು ಕಾನೂನಾಗಿದೆ. ಇದು ಕಾಂಗ್ರೆಸ್ಸು ಬಿಜೆಪಿ ಎರಡಕ್ಕೂ ಬೇಕಾದ ಕಾನೂನು, ಅದರಲ್ಲಿ ಮಾತ್ರ ಜಗಳ ಇಲ್ಲ ನೋಡು. ನಿಮ್ಮ ತೋಟದ ಮೇಲಿನ ಗುಡ್ಡದಂಚಿನ ಆ ನಾಲ್ಕೆಕರೆಗೆ ನೀನೂ ಅರ್ಜಿ ಹಾಕಿದ್ದೀಯ. ಸುಳ್ಳು ಹೇಳಬೇಡ, ಅದರ ಜೆರಾಕ್ಸ್ ತೆಗೆದವನು ನಾನು. ಹನ್ನೆರಡು ಹಾಳೆ, ಎರಡು ಸೆಟ್.

ಅದೇ ದಿನ ಲೈನ್ ಮನೆಯ ಒಬ್ಬ ಸೈಟಿಗೆ ಅರ್ಜಿ ಬರೆಸಲು ಬಂದಿದ್ದ. ಅವನ ಅಪ್ಪ ಅದೇ ಲೈನಿನಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡವನು. ಮನೆ ತೋಟದವರದು, ಕರೆಂಟು ಮೀಟರು ತೋಟದ ಹೆಸರಿನಲ್ಲಿ. ಹಾಗಾಗಿ ಅವನಿಗೆ ಗೃಹಜ್ಯೋತಿಯೂ ಇಲ್ಲ. ಕೆಲಸ ಬಿಟ್ಟರೆ ಮನೆ ಬಿಡಬೇಕು. ಅವನಿಗೆ ಬೇಕಾಗಿರುವುದು ಮೂವತ್ತು ನಲವತ್ತರ ಒಂದು ಸೈಟು. ನಾಲ್ಕನೇ ಸಲ ಅರ್ಜಿ ಅದು.

ನನ್ನ ಸಿಟ್ಟು ಈ ಸರ್ಕಾರದ ಮೇಲೂ ಇದೆ, ಆದರೆ ನಿನ್ನ ಕಾರಣಕ್ಕಲ್ಲ. ಕೊಟ್ಟಿದ್ದಕ್ಕಲ್ಲ, ಎಲ್ಲಿಂದ ತೆಗೆದು ಕೊಟ್ಟರು ಅನ್ನುವುದಕ್ಕೆ. ಪರಿಶಿಷ್ಟರಿಗೆ ಅಂತಲೇ ಮೀಸಲಿಟ್ಟ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ ಮೊದಲನೇ ವರ್ಷ ಹನ್ನೊಂದು ಸಾವಿರ ಕೋಟಿಗೂ ಜಾಸ್ತಿ ಗ್ಯಾರಂಟಿಗೆ ಹೋಯಿತು, ಎರಡನೇ ವರ್ಷ ಇನ್ನೂ ಜಾಸ್ತಿ. ಆ ಹಣಕ್ಕೆ 2013ರಲ್ಲಿ ಕಾನೂನು ಮಾಡಿದ್ದು ಇದೇ ಸಿದ್ದರಾಮಯ್ಯನವರು. ಆ ಲೈನ್ ಮನೆಯವನ ಸೈಟಿನ ದುಡ್ಡು ಅದು. ಅವನ ಎಡಗಿಸೆಯಿಂದ ತೆಗೆದು ಅವನ ಹೆಂಡತಿಯ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರೆ ಹೇಗೆ? ಪರಿಶಿಷ್ಟ ಪಂಗಡದವರಿಗೆ ಅಂತ ಇರುವ ವಾಲ್ಮೀಕಿ ನಿಗಮದಲ್ಲಿ ನಡೆದ ದುಡ್ಡಿನ ಹಗರಣವಂತೂ ಬಾಯಲ್ಲಿ ಹೇಳುವ ಹಾಗಿಲ್ಲ.

ಮತ್ತೆ, ಕೊಡುವುದನ್ನು ಸರಿಯಾಗಿ ಕೊಡುವುದಿಲ್ಲ. ಎರಡು ಮೂರು ತಿಂಗಳು ಗೃಹಲಕ್ಷ್ಮಿ ಬರುವುದೇ ಇಲ್ಲ, ಆಮೇಲೆ ಚುನಾವಣೆ ಬಂದಾಗ ಒಟ್ಟಿಗೆ ಬೀಳುತ್ತದೆ. ಫೈನಾನ್ಸಿನವನು ತಿಂಗಳು ಬಿಡುತ್ತಾನಾ? ಹಾಲಿಗೆ ನಾಲ್ಕು ರೂಪಾಯಿ ಏರಿಸಿದರು, ಬಸ್ಸಿಗೆ ಹದಿನೈದು ಪರ್ಸೆಂಟ್, ಡೀಸೆಲ್ಲಿಗೆ ಬೇರೆ. ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಬೀಡಾ ಅಂಗಡಿಗಳಿಗೆ ತೆರಿಗೆ ನೋಟಿಸು ಹೊರಟಾಗ ಬೆಂಗಳೂರಿನಲ್ಲಿ ಗಾಬರಿ ಬಿದ್ದವರಲ್ಲಿ ಅರ್ಧ ಜನ ನಮ್ಮ ಜಿಲ್ಲೆಯವರೇ ಇರಬೇಕು. ನನ್ನ ಭಾವಮೈದ ಕ್ಯೂಆರ್ ಬೋರ್ಡನ್ನು ಕಿತ್ತು ಬನ್ನಿನ ಟ್ರೇ ಕೆಳಗೆ ಬಚ್ಚಿಟ್ಟಿದ್ದ. ಆಮೇಲೆ ಹಳೇ ಬಾಕಿ ಕೇಳಲ್ಲ ಅಂತ ಮುಖ್ಯಮಂತ್ರಿ ಹೇಳಿದರು, ಸರಿಹೋಯಿತು. ಈಗ ಟಿ.ವಿ. ಹಾಕಿದರೆ ಮೂರು ಹೊತ್ತೂ ನವೆಂಬರ್ ಕ್ರಾಂತಿ, ಮುಖ್ಯಮಂತ್ರಿ ಕುರ್ಚಿ ಯಾರಿಗೆ ಅಂತ. ಸೈಟಿನ ಅರ್ಜಿ ಯಾವ ಮೇಜಿನ ಮೇಲಿದೆ ಅಂತ ಹೇಳುವ ಒಂದು ಚಾನೆಲ್ಲೂ ಇಲ್ಲ.

ಅಸ್ಸಾಮಿನವರನ್ನು ಕರೆಸುತ್ತೇನೆ ಅಂದೆ. ಕರೆಸು. ಒಳ್ಳೆ ಕೆಲಸಗಾರರು, ಆಧಾರ್ ಜೆರಾಕ್ಸಿಗೆ ನನ್ನ ಅಂಗಡಿಗೇ ಬರುತ್ತಾರೆ. ಅವರನ್ನು ಬಾಂಗ್ಲಾದವರು ಅಂತ ಹೆದರಿಸುವವರೂ ಇಲ್ಲಿದ್ದಾರೆ. ಹಾಗೆ ಹೆದರಿಕೊಂಡೇ ಇರುವ ಆಳು ಅಗ್ಗಕ್ಕೆ ಸಿಗುತ್ತಾನೆ ಅನ್ನುವುದು ಎಲ್ಲರಿಗೂ ಗೊತ್ತಿದೆ. ನೀನು ಆ ಲೆಕ್ಕ ಹಾಕುವವನಲ್ಲ ಅಂದುಕೊಂಡಿದ್ದೇನೆ. ಅವರಿಗೂ ಲೈನಿನಲ್ಲಿ ಒಂದು ಬಾಗಿಲಿರುವ ಬಚ್ಚಲು ಕಟ್ಟಿಸು. ಈ ವರ್ಷ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ನೀನು ಹೊಸ ಕಾರು ತಗೊಂಡೆ, ನನ್ನನ್ನೂ ಮಂಜರಾಬಾದ್ ಕೋಟೆವರೆಗೆ ಸುತ್ತಿಸಿದೆ. ಹೊಟ್ಟೆಕಿಚ್ಚಿಲ್ಲ. ಆದರೆ ಕುಯ್ಲಿನ ರೇಟು ಎಷ್ಟು ಏರಿಸಿದೆ ಅಂತ ಆವತ್ತು ಕೇಳಬೇಕು ಅನ್ನಿಸಿತ್ತು, ಕೇಳಲಿಲ್ಲ. ಕಾರು ಅಷ್ಟು ಚೆನ್ನಾಗಿತ್ತು.

ನನ್ನ ಹೆಂಡತಿಗೆ ಗೃಹಲಕ್ಷ್ಮಿ ಇಲ್ಲ, ಗೊತ್ತಲ್ಲ. ನನಗೆ ಜಿಎಸ್‌ಟಿ ನಂಬರ್ ಇದೆ ಅಂತ. "ನಿಮ್ಮ ನಂಬರಿಗೆ ಬೆಂಕಿ ಹಾಕ" ಅಂತ ದಿನಾ ಬೈಸಿಕೊಳ್ಳುತ್ತೇನೆ. ಹಾಸನಾಂಬೆ ದರ್ಶನಕ್ಕೆ ಮಾತ್ರ ಫ್ರೀ ಬಸ್ಸಿನಲ್ಲಿ ಅತ್ತೆಯನ್ನೂ ಕರೆದುಕೊಂಡು ಹೋಗಿ, ನೂಕುನುಗ್ಗಲಲ್ಲಿ ಒಂದು ಚಪ್ಪಲಿ ಕಳೆದುಕೊಂಡು ಬಂದಳು.

ಅರೇಬಿಕಾ ಹಣ್ಣಾಗುತ್ತಿದೆ. ನೀನು ಬರುವ ಮೊದಲು ಈ ಸಲದ ರೇಟ್ ಎಷ್ಟು ಅಂತ ಫೋನ್ ಮಾಡಿ ಹೇಳು, ಅಂಗಡಿ ಮುಂದೆ ಬರೆದು ಹಾಕುತ್ತೇನೆ. ದಿನಕ್ಕೆ ನೂರು ಜನ ನೋಡುತ್ತಾರೆ, ಆ ಸೊಸೆಯೂ ನೋಡುತ್ತಾಳೆ. ಹೋದ ವಾರ ಬೇರೆ ಇಬ್ಬರು ಆಗಲೇ ಬರೆಸಿ ಹೋಗಿದ್ದಾರೆ, ಎಷ್ಟು ಅಂತ ಹೇಳಲ್ಲ. ಬರುವಾಗ ಎಸ್.ಪಿ. ರೋಡಿನಿಂದ ನನ್ನ ಯಂತ್ರಕ್ಕೆ ಒಂದು ಟೋನರ್ ತಗೊಂಡು ಬಾ. ಇಲ್ಲಿ ಇನ್ನೂರು ರೂಪಾಯಿ ಜಾಸ್ತಿ ಹೇಳುತ್ತಾರೆ.

ನಿನ್ನ,
ರೈಟರ ಮಗ