ಜಾನಪದ ದಾಖಲೀಕರಣ: ಧ್ವನಿಯ ಮಟ್ಟಕ್ಕೂ ಗಮನವಿರಲಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯ ಜಿಲ್ಲೆಗಳ ಜಾತ್ರೆಗಳಲ್ಲಿ, ದಸರಾ ವೇದಿಕೆಗಳಲ್ಲಿ ನಡೆಯುವ ಕಂಸಾಳೆ, ಮಂಟೇಸ್ವಾಮಿ ಪರಂಪರೆಯ ನೀಲಗಾರರ ತಂಬೂರಿ ಪದಗಳನ್ನು ಈಗ ಅನೇಕರು ವಿಡಿಯೊದಲ್ಲಿ ದಾಖಲಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಅವುಗಳಲ್ಲಿ ಎಷ್ಟೋ ಕಡೆ ಚಿತ್ರ ನಿಚ್ಚಳವಾಗಿದ್ದರೂ ಹಾಡಿನ ಮಾತು ತಿಳಿಯುವುದಿಲ್ಲ. ಮೈಕನ್ನು ದೂರುವವರೇ ಹೆಚ್ಚು. ನಾನು ಕಂಡಂತೆ, ರೆಕಾರ್ಡಿಂಗ್ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಕ್ಯಾಮೆರಾದ ‘ಆಟೊ’ ವ್ಯವಸ್ಥೆಗೆ ಬಿಟ್ಟುಬಿಡುವುದೇ ಇದಕ್ಕೆ ಮುಖ್ಯ ಕಾರಣ.

ಕಂಸಾಳೆಯಲ್ಲಿ ಕಂಚಿನ ತಾಳಗಳ ಪೆಟ್ಟು ಹಾಡುಗಾರರ ಕೊರಳಿಗಿಂತ ಬಹಳ ಜೋರು. ಆ ಪೆಟ್ಟು ಬಿದ್ದೊಡನೆ ಆಟೊ ವ್ಯವಸ್ಥೆ ಗೇನ್ (ಮೈಕಿನ ಧ್ವನಿಯನ್ನು ಹಿಗ್ಗಿಸುವ ಪ್ರಮಾಣ) ತಗ್ಗಿಸುತ್ತದೆ. ಮತ್ತೆ ಏರಿಸುವುದು ಮಾತ್ರ ನಿಧಾನವಾಗಿ. ಅಷ್ಟರಲ್ಲಿ ಕಂಸಾಳೆ ಹಾಡುವ ಮಾದಪ್ಪನ ಭಕ್ತರಾದ ದೇವರ ಗುಡ್ಡರು ಎತ್ತಿಕೊಂಡ ಸಾಲಿನ ಮೊದಲ ಪದಗಳು ಕ್ಷೀಣವಾಗಿ ದಾಖಲಾಗಿ ಹೋಗಿರುತ್ತವೆ. ಕಥೆ ಹೇಳುವವರು ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಗೇನ್ ಮೇಲೇರಿ ಜನರೇಟರಿನ ಸದ್ದು, ಜನರ ಗದ್ದಲ ಮುಂದೆ ಬರುತ್ತವೆ. ಎಡಿಟಿಂಗ್‌ನಲ್ಲಿ ಇದನ್ನು ಪೂರ್ತಿಯಾಗಿ ಸರಿಪಡಿಸಲಾಗದು.

ಆದ್ದರಿಂದ ಮ್ಯಾನುಯಲ್‌ಗೆ ಬದಲಾಯಿಸಿಕೊಂಡು, ಕಲಾವಿದರಿಂದ ಅತಿ ಜೋರಿನ ಭಾಗವನ್ನೇ ಮೊದಲು ನುಡಿಸಿ ಕೇಳಿ, ಆ ಪೆಟ್ಟುಗಳು ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆಯೂ ಸಾಧಾರಣ ಹಾಡುಗಾರಿಕೆ ಮೈನಸ್ 18ರಿಂದ ಮೈನಸ್ 12ರ ನಡುವೆ ಇರುವಂತೆಯೂ ಗೇನ್ ಹೊಂದಿಸಬೇಕು. ಡಿಜಿಟಲ್ ರೆಕಾರ್ಡಿಂಗ್‌ನಲ್ಲಿ ಸೊನ್ನೆಯೇ ಗರಿಷ್ಠ ಮಿತಿ. ಅದನ್ನು ಮೀರಿದ ಧ್ವನಿಯ ತುದಿ ಕತ್ತರಿಸಿಹೋಗಿ ಕರ್ಕಶವಾಗುತ್ತದೆ. ಧ್ವನಿಯನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿಯುವ 24 ಬಿಟ್‌ನಲ್ಲಿ ದಾಖಲಿಸುವವರು ಮಟ್ಟ ತುಸು ಕಡಿಮೆಯಾಯಿತೆಂದು ಹೆದರಬೇಕಿಲ್ಲ, ಆಮೇಲೆ ಏರಿಸಿಕೊಳ್ಳಬಹುದು. ಸೌಲಭ್ಯವಿದ್ದರೆ ಅದೇ ಮೈಕಿನ ಧ್ವನಿಯನ್ನು ಎರಡನೇ ಚಾನೆಲ್‌ನಲ್ಲಿ ಇನ್ನೂ 12 ಡೆಸಿಬೆಲ್ ತಗ್ಗಿಸಿ ದಾಖಲಿಸುವುದು ಒಳ್ಳೆಯದು; ಮೊದಲನೆಯದರಲ್ಲಿ ಧ್ವನಿ ಮಿತಿ ಮೀರಿದರೆ ಇದು ನೆರವಿಗೆ ಬರುತ್ತದೆ.

ಮೈಕ್‌ಸೆಟ್‌ನವರ ಮಿಕ್ಸರಿನಿಂದ ನೇರವಾಗಿ ವೈರ್ ಎಳೆದುಕೊಳ್ಳುವವರು ಇನ್ನೊಂದು ಎಚ್ಚರ ವಹಿಸಬೇಕು. ಮಿಕ್ಸರ್ ಕೊಡುವ ಲೈನ್ ಸಿಗ್ನಲ್ ಮೈಕಿನದಕ್ಕಿಂತ ಎಷ್ಟೋ ಪಟ್ಟು ಪ್ರಬಲವಾದುದು. ಕ್ಯಾಮೆರಾದ ಇನ್‌ಪುಟ್ ‘ಮೈಕ್’ನಲ್ಲೇ ಇದ್ದರೆ ಒಳಗಿನ ಆಂಪ್ಲಿಫೈಯರೇ ಅದನ್ನು ತಾಳಲಾರದೆ ಧ್ವನಿ ಒಡೆಯುತ್ತದೆ. ಗೇನ್ ತಗ್ಗಿಸಿ ಮೀಟರ್ ಸರಿಯಾಗಿ ತೋರಿದರೂ ಒಡಕು ಹೋಗದು. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದರೆ ಮಾತ್ರ ಇದು ಸ್ಥಳದಲ್ಲೇ ಗೊತ್ತಾಗುತ್ತದೆ.

ಈ ಹಾಡುಗಳ, ಪುಸ್ತಕಕ್ಕೆ ಇಳಿಯದ ಪಾಠಾಂತರಗಳು ಹಿರಿಯ ಗಾಯಕರ ನೆನಪಿನಲ್ಲಿ ಉಳಿದಿವೆ. ಸಂಘಟಕರು ಪ್ರತಿ ತಂಡಕ್ಕೂ ಪ್ರದರ್ಶನಕ್ಕೆ ಮೊದಲು ಐದು ನಿಮಿಷವಾದರೂ ಧ್ವನಿ ಪರೀಕ್ಷೆಗೆ ಕೊಡಬೇಕು. ಸರ್ಕಾರದ ನೆರವಿನಿಂದ ನಡೆಯುವ ದಾಖಲೀಕರಣದ ಷರತ್ತುಗಳಲ್ಲಿ ಚಿತ್ರದ ಗುಣಮಟ್ಟದ ಜೊತೆಗೆ ಧ್ವನಿಯ ಮಟ್ಟವನ್ನೂ ನಮೂದಿಸಿ, ಮೂಲ ಧ್ವನಿಕಡತಗಳನ್ನು ಕೇಳಿ ಪರಿಶೀಲಿಸಿದ ನಂತರವೇ ಹಣ ಪಾವತಿಸಬೇಕೆಂದು ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ.

– ಒಬ್ಬ ವಿಡಿಯೊಗ್ರಾಫರ್, ಮಂಡ್ಯ