ಮರ ಕಡಿಯುವವರ ಬಿಡಾರದಿಂದ

ಪ್ರಿಯ ಶ್ರೀಧರ,

ದಾಂಡೇಲಿಯ ನಾಟಾ ಡಿಪೋದಲ್ಲಿ ದಿಮ್ಮಿಗಳ ತುದಿಗೆ ಸುತ್ತಿಗೆಯಿಂದ ಗುರುತು ಹೊಡೆಯುವುದನ್ನು ನಾವಿಬ್ಬರೂ ಶಾಲೆಗೆ ತಡವಾದರೂ ನಿಂತು ನೋಡುತ್ತಿದ್ದೆವಲ್ಲ, ಅದು ಕಳೆದ ವಾರ ಅಮೆರಿಕದ ಮಿಷಿಗನ್ ರಾಜ್ಯದ ಗ್ರೇಲಿಂಗ್ ಎಂಬ ಊರಿನ ಬಳಿ ನೆನಪಾಯಿತು. ಅಲ್ಲಿನ ಹಾರ್ಟ್‌ವಿಕ್ ಪೈನ್ಸ್ ಉದ್ಯಾನದಲ್ಲಿ ಬಿಳಿ ಪೈನ್ ಮರಗಳ ಹಳೆಯ ಕಾಡು ಕೇವಲ 49 ಎಕರೆ ಉಳಿದಿದೆ. 1940ರ ನವೆಂಬರಿನ ಬಿರುಗಾಳಿಗೆ ಮುನ್ನ ಅದು 85 ಎಕರೆಯಿತ್ತಂತೆ. ಅದರ ಪಕ್ಕದಲ್ಲೇ ಹತ್ತೊಂಬತ್ತನೆಯ ಶತಮಾನದ ಮರಕಡುಕರ ಬಿಡಾರವನ್ನು ಹೋಲುವ ದಿಮ್ಮಿಮನೆಗಳನ್ನು 1930ರ ದಶಕದಲ್ಲಿ ಕಟ್ಟಿ, ವಸ್ತುಸಂಗ್ರಹಾಲಯ ಮಾಡಿದ್ದಾರೆ.

ಇಲ್ಲಿಯ ಕತೆಗಳಲ್ಲಿ ಮರ ಕಡಿಯುವವನೆಂದರೆ ಬೆಟ್ಟದಂಥ ಆಳು. ಬಿಡಾರದೊಳಗೆ ಅಡಿಯಿಟ್ಟ ಮೇಲೆ ನನ್ನ ಕಣ್ಣಿಗೆ ಬಿದ್ದವನು, ಒಂದು ಇಡೀ ಚಳಿಗಾಲಕ್ಕೆ ತನ್ನನ್ನು ಒತ್ತೆಯಿಟ್ಟ ಕೂಲಿಯವನು. ಕೆನಡಾದ ಫ್ರೆಂಚರು, ಐರಿಷರು, ಸ್ವೀಡನ್ ಮತ್ತು ಫಿನ್‌ಲ್ಯಾಂಡಿನಿಂದ ಬಂದವರು, ಮೇನ್ ರಾಜ್ಯದ ಕಾಡು ಮುಗಿಸಿ ಕೆಲಸ ಹುಡುಕಿ ಬಂದವರು, ಬೇಸಿಗೆಯಲ್ಲಿ ಹೊಲ ಉತ್ತು ಚಳಿಗಾಲದಲ್ಲಿ ಕೊಡಲಿ ಹಿಡಿದವರು, ಹೀಗೆ ಎಲ್ಲರೂ ಒಂದೇ ಸೂರಿನಡಿ ಎರಡಂತಸ್ತಿನ ಮಂಚಗಳಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದರು. ನಡುವೆ ಉರಿಯುವ ಒಲೆ, ಅದರ ಸುತ್ತ ಹಗ್ಗದ ಮೇಲೆ ಹತ್ತಾರು ಜೋಡಿ ಒದ್ದೆ ಉಣ್ಣೆಯ ಕಾಲುಚೀಲ. ಆ ವಾಸನೆಯನ್ನು ಮಾತ್ರ ಸಂಗ್ರಹಾಲಯದವರು ಕೃಪೆಯಿಟ್ಟು ಕೈಬಿಟ್ಟಿದ್ದಾರೆ. ಹೇನಿನ ಕಾಟದಿಂದ ಪಾರಾಗಲು ಭಾನುವಾರ ಬಟ್ಟೆ ಕುದಿಸುವುದು, ಕೊಡಲಿ ಮಸೆಯುವುದು, ಬರೆಯಬಲ್ಲವನು ಇತರರ ಪತ್ರ ಬರೆದುಕೊಡುವುದು ವಾರದ ಬಿಡುವಿನ ಕೆಲಸಗಳಾಗಿದ್ದವು.

ನಾನು ಬಹಳ ಹೊತ್ತು ನಿಂತದ್ದು ಊಟದ ಮನೆಯಲ್ಲಿ. ಉದ್ದನೆಯ ಮೇಜು, ತಗಡಿನ ತಟ್ಟೆ ಮತ್ತು ಲೋಟಗಳು. ಬೇಯಿಸಿದ ಬೀನ್ಸ್, ಉಪ್ಪು ಹಾಕಿದ ಹಂದಿ ಮಾಂಸ, ಬ್ರೆಡ್ಡು, ಒಣಹಣ್ಣು, ಕಡು ಚಹಾ ಹೊಟ್ಟೆ ತುಂಬ ಸಿಗುತ್ತಿದ್ದವು, ಏಕೆಂದರೆ ಅಡುಗೆಯವನು ಕೆಟ್ಟವನಾದರೆ ಆಳುಗಳು ಬೇರೆ ಬಿಡಾರಕ್ಕೆ ಹೊರಟುಬಿಡುತ್ತಿದ್ದರು. ಆದರೆ ತಿನ್ನುವಾಗ ಮಾತಾಡುವಂತಿರಲಿಲ್ಲ. ಬೇಗ ತಿಂದು ಏಳಲಿ, ಜಗಳವೂ ಆಗದಿರಲಿ ಎಂಬುದು ಅದರ ಹಿಂದಿದ್ದ ಲೆಕ್ಕ. ಮಧ್ಯಾಹ್ನದ ಊಟವನ್ನು ಹಿಮಬಂಡಿಯಲ್ಲಿ ಕಾಡಿಗೇ ತಂದು ಬಡಿಸಿದಾಗ ಬೀನ್ಸ್ ತಟ್ಟೆಯಲ್ಲೇ ಹೆಪ್ಪುಗಟ್ಟುತ್ತಿತ್ತು.

ಕೆಲಸವೆಲ್ಲ ಚಳಿಯನ್ನು ನಂಬಿಕೊಂಡಿತ್ತು. ರಾತ್ರಿ ತೊಟ್ಟಿಯ ಗಾಡಿಯಿಂದ ದಾರಿಗೆ ನೀರು ಸುರಿದು, ಬೆಳಗಾಗುವಷ್ಟರಲ್ಲಿ ಅದನ್ನು ಮಂಜುಗಡ್ಡೆಯ ಹಳಿಯನ್ನಾಗಿ ಮಾಡಿ, ಅದರ ಮೇಲೆ ಬೆಟ್ಟದಂತೆ ದಿಮ್ಮಿ ಪೇರಿಸಿದ ಬಂಡಿಯನ್ನು ಕುದುರೆಗಳಿಂದ ಎಳೆಸುತ್ತಿದ್ದರು. ಇಳಿಜಾರಿನಲ್ಲಿ ಬಂಡಿ ಕುದುರೆಗಳ ಮೇಲೆ ನುಗ್ಗದಂತೆ ಹುಲ್ಲೋ ಮರಳೋ ಹರಡಲು ಒಬ್ಬ ಆಳು, ದಾರಿಯಲ್ಲಿ ಬಿದ್ದ ಲದ್ದಿ ಎತ್ತಲು ಇನ್ನೊಬ್ಬ! ಹೆಪ್ಪುಗಟ್ಟಿದ ಲದ್ದಿ ಬಂಡಿಯನ್ನು ಅಲ್ಲೇ ಹಿಡಿದು ನಿಲ್ಲಿಸುತ್ತಿತ್ತಂತೆ. ಹಿಮವಿಲ್ಲದ ತಿಂಗಳುಗಳಿಗೆ ಮ್ಯಾನಿಸ್ಟೀ ಪಟ್ಟಣದ ಸೈಲಸ್ ಓವರ್‌ಪ್ಯಾಕ್ ಎಂಬುವನು ದಿಮ್ಮಿ ಎಳೆಯಲು ಸುಮಾರು 10 ಅಡಿ ಎತ್ತರದ ಜೋಡಿ ಗಾಲಿಗಳನ್ನು ಮಾಡಿ ಮಾರುತ್ತಿದ್ದ. ಅವುಗಳ ಪಕ್ಕದಲ್ಲಿ ನಾನು ಕುಳ್ಳನಾಗಿ ಕಂಡೆ.

ವಸಂತದಲ್ಲಿ ಹಿಮ ಕರಗಿದೊಡನೆ ದಿಮ್ಮಿಗಳು ನದಿಗೆ ಬೀಳುತ್ತಿದ್ದವು. ಹಲವು ಮಾಲೀಕರ ಮಾಲು ಒಂದೇ ಹೊಳೆಯಲ್ಲಿ ತೇಲುತ್ತಿದ್ದುದರಿಂದ ತುದಿಗೆ ಸುತ್ತಿಗೆಯ ಮುದ್ರೆ ಬೇಕಾಗಿತ್ತು. ಮೊಳೆಗಾಲಿನ ಬೂಟು ತೊಟ್ಟು, ಸೊಂಟದ ತನಕ ಹಿಮನೀರಿನಲ್ಲಿ ನಿಂತು, ಸಿಕ್ಕಿಕೊಂಡ ದಿಮ್ಮಿಗಳನ್ನು ಬಿಡಿಸುವಾಗ ಸತ್ತವರನ್ನು ಎಷ್ಟೋ ವೇಳೆ ದಂಡೆಯಲ್ಲೇ ಹೂಳುತ್ತಿದ್ದರು. 1880ರ ದಶಕದಲ್ಲಿ ಕೂಲಿ ತಿಂಗಳಿಗೆ 20–30 ಡಾಲರಿನ ಆಸುಪಾಸಿನಲ್ಲಿತ್ತು. ಅದೂ ಸಾಮಾನ್ಯವಾಗಿ ಹಂಗಾಮು ಮುಗಿದ ಮೇಲೆ, ಬಿಡಾರದ ಅಂಗಡಿಯಲ್ಲಿ ತೆಗೆದುಕೊಂಡ ತಂಬಾಕು, ಕಾಲುಚೀಲಗಳ ಬಾಕಿ ಮುರಿದುಕೊಂಡು ಕೈಸೇರುತ್ತಿತ್ತು. ಆ ಹಣ ಪಟ್ಟಣದ ಹೆಂಡದಂಗಡಿಯಲ್ಲಿ ಕರಗಿತೆಂದು ಎಲ್ಲರೂ ನಗುತ್ತಾ ಹೇಳುತ್ತಾರೆ. ಆರು ತಿಂಗಳು ಬಾಯಿ ಮುಚ್ಚಿ ಉಂಡವನ ಮೇಲೆ ನನಗೆ ನಗು ಬರಲಿಲ್ಲ.

ಕಡಿದುಬಿಟ್ಟ ಒಣಕೊಂಬೆಗಳಿಗೆ ಬೆಂಕಿ ತಾಗಿದರೆ ಊರೇ ಉಳಿಯುತ್ತಿರಲಿಲ್ಲ. 1881ರ ಸೆಪ್ಟೆಂಬರಿನಲ್ಲಿ ಈ ರಾಜ್ಯದ ಪೂರ್ವಭಾಗದಲ್ಲಿ ಹಬ್ಬಿದ ಕಿಚ್ಚಿಗೆ 282 ಜನ ಬಲಿಯಾದರು.

ಮರಳುವ ಮುನ್ನ ಮ್ಯಾನಿಸ್ಟೀ ನದಿಯ ಪಕ್ಕದ ಡೆವಾರ್ಡ್‌ಗೂ ಹೋಗಿದ್ದೆ. ಡೇವಿಡ್ ವಾರ್ಡ್ ಎಂಬ ಕಾಡಿನೊಡೆಯ ಸತ್ತ ಮೇಲೆ, ಅವನ ಪೈನ್ ಕಾಡನ್ನು ಕೊಯ್ದು ಮುಗಿಸಲೆಂದೇ ಕಟ್ಟಿದ ಊರು ಅದು. ಹೆಂಡತಿ ಮಕ್ಕಳೊಂದಿಗೆ ನೂರಾರು ಜನ ನೆಲೆಸಿದ್ದರು, ಶಾಲೆಯಿತ್ತು. 1912ರಲ್ಲಿ ಗರಗಸದ ಗಿರಣಿ ನಿಂತಿತು, ಜನ ಗಂಟುಮೂಟೆ ಕಟ್ಟಿದರು. ಈಗ ಅಲ್ಲಿ ಹುಲ್ಲು, ಅಡಿಪಾಯದ ಗುರುತು, ಹಳೆಯ ಬೊಡ್ಡೆಗಳು.

ನಿಮ್ಮ ತಂದೆಯವರು ಕೂಪಿನ, ಅಂದರೆ ಕಾಡಿನಲ್ಲಿ ಮರ ಕಡಿಯುವ ಜಾಗದ, ಕೆಲಸದ ದಿನಗಳ ಬಗ್ಗೆ ಹೇಳುವುದನ್ನು ನಾನು ಅರ್ಧಂಬರ್ಧ ಕೇಳಿಸಿಕೊಂಡಿದ್ದೆ. ಅಲ್ಲಿ ರಾತ್ರಿ ಊಟಕ್ಕೆ ಕೂತಾಗ ಜನ ಏನು ಮಾತಾಡಿಕೊಳ್ಳುತ್ತಿದ್ದರೆಂದು ಅವರನ್ನು ಕೇಳಿ ಬರೆ. ಅವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ರಘು