ಎರಡನೆಯ ಚರಣವಿಲ್ಲದ ಹಾಡು

ಪ್ರೀತಿಯ ಗೆಳೆಯಾ,

ಮಸ್ಕತ್‌ನಲ್ಲಿ ಮನೆಮಂದಿಯೆಲ್ಲ ಕ್ಷೇಮ ಎಂದುಕೊಂಡಿದ್ದೇನೆ. ನಾವೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳಲು ಹೊರಟರೆ ಗಂಟಲು ಕಟ್ಟುವ ವಿಷಯ ಇದು, ಅದಕ್ಕೇ ಪತ್ರ. ನಮ್ಮ ಅರಸೀಕೆರೆಯವರು, ಆ ಕಾಲದವರು ಯಾರಾದರೂ ಇದ್ದರೆ ಅವರೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನೀನು ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಗೊತ್ತು.

ಹೋದ ಶನಿವಾರ ಮಗಳು ನನ್ನನ್ನು ಒಂದು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದಳು. ಎಂಬತ್ತರ ದಶಕದ ಕನ್ನಡ ಚಿತ್ರಗೀತೆಗಳ ಸಂಜೆ. ವೇದಿಕೆಯ ಮೇಲೆ ಐದೇ ಜನ, ಎಲ್ಲರೂ ನನ್ನ ಮಗಳ ವಯಸ್ಸಿನವರು. ಅವರು ಅಂದು ನುಡಿಸಿದ ಹಾಡುಗಳಲ್ಲಿ ಒಂದೂ ಅವರು ಹುಟ್ಟಿದ ಮೇಲೆ ಬಂದದ್ದಲ್ಲ. ‘ಆಟೋ ರಾಜ’ದ ‘ನಲಿವಾ ಗುಲಾಬಿ ಹೂವೆ’ಯಿಂದ ಶುರು ಮಾಡಿದರು. ‘ಗೀತಾ’ದ ‘ಜೊತೆಯಲಿ’ ಬಂದಾಗ ಸಭಾಂಗಣದ ಅರ್ಧ ಜನ ಎದ್ದು ನಿಂತಿದ್ದರು. ಆಮೇಲೆ ದೀಪ ಸ್ವಲ್ಪ ಮಂಕಾಯಿತು. ಬೇಸ್ ಗಿಟಾರ್ ಹಿಡಿದಿದ್ದ ಹುಡುಗಿ ಕಣ್ಣು ಮುಚ್ಚಿ ಒಂದು ತಂತಿ ಮೀಟಿದಳು. ‘ನಗುವ ನಯನ ಮಧುರ ಮೌನ.’

ಪಲ್ಲವಿ ಮುಗಿಯಿತು, ಮೊದಲ ಚರಣ ಮುಗಿಯಿತು. ಎಲ್ಲರ ಜೊತೆ ನಾನೂ ಹಾಡುತ್ತಿದ್ದೆ. ಎರಡನೆಯ ಚರಣ ಬಂದಾಗ ಸುತ್ತಲಿನವರೆಲ್ಲ ರಾತ್ರಿಯ ಪಿಸುಮಾತಿನ ಸಾಲಿಗೆ ಹೋದರೆ ನನ್ನ ಬಾಯಿ ಮಾತ್ರ ಮೊದಲನೆಯ ಚರಣವನ್ನೇ ಇನ್ನೊಮ್ಮೆ ಎತ್ತಿಕೊಂಡಿತು. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದರು. ಮಗಳು ಕೈ ಹಿಡಿದು, "ಅಪ್ಪಾ, ಅದಾಗಲೇ ಆಯಿತು" ಎಂದಳು. ನನಗೆ ಅಳು ಬಂದುಬಿಟ್ಟಿತು. ಅವಳಿಗೆ ಕಾರಣ ಹೇಳಲು ಆಗಲಿಲ್ಲ. ನಿನಗೆ ಹೇಳಬೇಕಾಗಿಯೇ ಇಲ್ಲ.

ಬಸ್ ನಿಲ್ದಾಣದ ಹತ್ತಿರದ ಆ ರೆಕಾರ್ಡಿಂಗ್ ಅಂಗಡಿ ನೆನಪಿದೆಯಲ್ಲ? ಬೇಕಾದ ಹಾಡುಗಳ ಪಟ್ಟಿ ಬರೆದು ಒಂದು ಖಾಲಿ ಕ್ಯಾಸೆಟ್ ಕೊಟ್ಟು ಬಂದರೆ ಮೂರು ದಿನಕ್ಕೆ ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್, ಒಂದು ಬದಿಗೆ ಮೂವತ್ತು ನಿಮಿಷ. ನಮ್ಮ ಊರಿನ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಬ್ಯಾಂಜೋ ಮೇಷ್ಟ್ರು ಕೊಟ್ಟ ಪಟ್ಟಿಯಲ್ಲಿ ‘ನಗುವ ನಯನ’ ಮೊದಲ ಬದಿಯ ಕೊನೆಯ ಹಾಡು. ಎರಡನೆಯ ಚರಣದ ಮುಂಚಿನ ವಾದ್ಯಸಂಗೀತ ಇನ್ನೇನು ಏರಬೇಕು ಎನ್ನುವಾಗ ಟಕ್ ಎಂದು ಟೇಪು ಮುಗಿಯುತ್ತಿತ್ತು. ಇನ್ನೊಂದು ಕ್ಯಾಸೆಟ್‌ಗೆ ಅವರಲ್ಲಿ ದುಡ್ಡಿರಲಿಲ್ಲ. ಗಣಪತಿ ಕೂರಿಸಲು ಎಂಟು ದಿನ ಉಳಿದಿತ್ತು. ಕೇಳಿಸಿದಷ್ಟನ್ನು ಕಲಿತರು, ಒಂದೇ ಚರಣವನ್ನು ಎರಡು ಸಲ ಹಾಡಿದರು. ನಮ್ಮ ಊರಿನ ಆರ್ಕೆಸ್ಟ್ರಾ ಆ ಹಾಡನ್ನು ಕೊನೆಯವರೆಗೂ ಹಾಗೆಯೇ ಹಾಡಿತು. ಭದ್ರಾವತಿ ಆಕಾಶವಾಣಿಯಲ್ಲಿ ಪೂರ್ತಿ ಹಾಡು ಎಷ್ಟೋ ಸಲ ಬಂದಿರಲೇಬೇಕು. ಆದರೆ ನಮ್ಮ ಕಿವಿಯಲ್ಲಿ ಕೂತದ್ದು ಪೆಂಡಾಲಿನಲ್ಲಿ ಕೇಳಿದ ಹಾಡು. ಮಣಿರತ್ನಂ ತಮ್ಮ ಮೊದಲ ಚಿತ್ರವಾಗಿ, ಈ ಹಾಡಿರುವ ‘ಪಲ್ಲವಿ ಅನುಪಲ್ಲವಿ’ ಮಾಡಿದ್ದು 1983ರಲ್ಲಿ. ಆರ್.ಎನ್. ಜಯಗೋಪಾಲ್ ಬರೆದರು, ಇಳಯರಾಜಾ ಸಂಗೀತ ಕೊಟ್ಟರು, ಎಸ್‌ಪಿಬಿ ಮತ್ತು ಜಾನಕಿ ಹಾಡಿದರು. ಇವೆಲ್ಲ ನನಗೆ ಆಮೇಲೆ ತಿಳಿದ ಸಂಗತಿಗಳು. ಒಂಬತ್ತು ವರ್ಷದ ಹುಡುಗನಿಗೆ ಅದು ಬ್ಯಾಂಜೋ ಮೇಷ್ಟ್ರ ಹಾಡು, ಅಷ್ಟೇ.

ಅವರು ಕಲಿಯುತ್ತಿದ್ದ ರೀತಿಯನ್ನು ನಾವಿಬ್ಬರೂ ಕಿಟಕಿಯ ಹೊರಗೆ ನಿಂತು ಎಷ್ಟು ಸಂಜೆ ನೋಡಿದ್ದೇವೆ! ರೈಲ್ವೆ ಕ್ವಾರ್ಟರ್ಸ್‌ನ ಮುಂದಿನ ಕೋಣೆ. ಚಾಪೆಯ ಮೇಲೆ ಟೇಪ್ ರೆಕಾರ್ಡರ್, ಪಕ್ಕದಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ನಾಲ್ಕು ಸ್ವರ ಕೇಳಿ ನಿಲ್ಲಿಸುವುದು, ಹಿಂದಕ್ಕೆ ಓಡಿಸುವುದು, ಮತ್ತೆ ಅದೇ ನಾಲ್ಕು ಸ್ವರ. ಲೋಕೋ ಶೆಡ್ ಕೆಲಸ ಮುಗಿಸಿ ಬಂದು ಎಷ್ಟು ತೊಳೆದರೂ ಅವರ ಉಗುರ ಸಂದಿನಲ್ಲಿ ಗ್ರೀಸಿನ ಕಪ್ಪು ಉಳಿದಿರುತ್ತಿತ್ತು. ಎಡಗೈ ಬೆರಳುಗಳು ಟೈಪ್‌ರೈಟರ್‌ನಂಥ ಆ ಗುಂಡಿಗಳ ಮೇಲೆ, ಬಲಗೈಯಲ್ಲಿ ಹಳೆಯ ಬಾಚಣಿಗೆಯಿಂದ ಕತ್ತರಿಸಿಕೊಂಡ ಒಂದು ಚೂರು. ಇಳಯರಾಜಾ ಪಿಟೀಲುಗಳ ಸಾಲನ್ನೇ ಕೂರಿಸಿ ಮಾಡಿಸಿದ್ದನ್ನು ಅವರು ಆ ಒಂದು ಬ್ಯಾಂಜೋದಲ್ಲಿ ತರಬೇಕಿತ್ತು. ಪಿಟೀಲು ಎಳೆಯುವ ಕಡೆ ತಂತಿಯನ್ನು ಎಷ್ಟು ವೇಗವಾಗಿ ಮೀಟುತ್ತಿದ್ದರೆಂದರೆ ಸ್ವರ ಕಡಿಯದೆ ನಡುಗುತ್ತಾ ನಿಲ್ಲುತ್ತಿತ್ತು. ಆ ನಡುಕ ಮೂಲ ಹಾಡಿನಲ್ಲಿ ಇಲ್ಲ. ಇವತ್ತಿಗೂ ಮೂಲ ಹಾಡು ಕೇಳುವಾಗ ಆ ಜಾಗದಲ್ಲಿ ನನಗೆ ಏನೋ ಕಡಿಮೆಯಾದಂತೆ ಅನಿಸುತ್ತದೆ.

ದರ್ಜಿ ಅಣ್ಣನನ್ನು ಮರೆಯಲಾದೀತೇ? ಊರಿನ ಹೆಣ್ಣುಮಕ್ಕಳು ರಾತ್ರಿ ಹನ್ನೊಂದರವರೆಗೆ ವೇದಿಕೆಯಲ್ಲಿ ಹಾಡುವುದಕ್ಕೆ ಯಾರ ಮನೆಯಲ್ಲೂ ಒಪ್ಪದ ಕಾಲ. ಜಾನಕಿಯವರ ಹಾಡುಗಳನ್ನೆಲ್ಲ ಅವರೇ ಹಾಡಿದರು. ತಾವೇ ಹೊಲಿದುಕೊಂಡ ಬಿಳಿಯ ತುಂಬುತೋಳಿನ ಅಂಗಿ, ಎಡಗಿವಿಗೆ ಅಂಗೈ ಮುಚ್ಚಿ ಮೈಕಿಗೆ ಬಾಯಿ ತಾಗಿಸಿ ನಿಂತರೆ ಹಿಂದೆ ನಿಂತವರು ಕತ್ತು ಉದ್ದ ಮಾಡಿ ಹಾಡುವವಳು ಯಾರು ಎಂದು ಹುಡುಕುತ್ತಿದ್ದರು. ಶಂಕರ್‌ನಾಗ್ 1980ರಲ್ಲಿ ನಿರ್ದೇಶಿಸಿದ ‘ಜನ್ಮ ಜನ್ಮದ ಅನುಬಂಧ’ದ ‘ತಂಗಾಳಿಯಲ್ಲಿ ನಾನು’ ಹಾಡಿಗೆ ಎಕೋ ಹೆಚ್ಚಿಸುತ್ತಿದ್ದರಲ್ಲ, ನಿನ್ನ ಅಮ್ಮ ಹೆದರಿ ಸೆರಗು ಹೊದ್ದುಕೊಳ್ಳುತ್ತಿದ್ದರು. ಆ ಹೊತ್ತಿಗೆ ಹಾಸನದ ಕಡೆಯ ಗಾಡಿ ಕೂಗಿದರಂತೂ ಇಡೀ ಪೆಂಡಾಲು ಮೌನ. ದರ್ಜಿ ಅಣ್ಣನಿಗೆ ಗಾಡಿಯ ವೇಳೆ ಬಾಯಿಪಾಠ. ಕೂಗು ಮುಗಿಯುವವರೆಗೆ ಕೊನೆಯ ಸ್ವರವನ್ನು ಹಾಗೆಯೇ ಹಿಡಿದು, ಅದು ನಿಂತ ಮೇಲೆ ಮುಂದಿನ ಸಾಲಿಗೆ ಇಳಿಯುತ್ತಿದ್ದರು. ಜಂಕ್ಷನ್ ಊರಿನ ಹಾಡುಗಾರ ಹಾಡಿದಂತೆ ಮದ್ರಾಸಿನ ಸ್ಟುಡಿಯೋದಲ್ಲಿ ಯಾರೂ ಹಾಡಿರಲಾರರು.

ಹಿಂದಿ ಹಾಡಿಲ್ಲದೆ ರಸಮಂಜರಿ ಮುಗಿಯುವಂತಿರಲಿಲ್ಲ. ಕಾಂಗೋ ನುಡಿಸುತ್ತಿದ್ದ ಹುಡುಗ ‘ಕುರ್ಬಾನಿ’ಯ ‘ಆಪ್ ಜೈಸಾ ಕೋಯಿ’ಗೆ ಎಂದು ಇಡೀ ವರ್ಷ ಕಾಯುತ್ತಿದ್ದ. 1980ರ ಹಾಡು, ನಮ್ಮಲ್ಲಿ ಹತ್ತು ವರ್ಷ ಹಳತಾಗಲೇ ಇಲ್ಲ. ನಾಜಿಯಾ ಹಸನ್ ಹಾಡಿದಾಗ ಇನ್ನೂ ಶಾಲೆಯ ಹುಡುಗಿ. ಇದಕ್ಕಿಂತ ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಆ ಹಾಡನ್ನು ಮಾಡಿದ ‘ಬಿದ್ದು’ ಎಂಬ ಸಂಗೀತಗಾರರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಅರವತ್ತರ ದಶಕದಲ್ಲಿ ಇದೇ ಊರಿನಲ್ಲಿ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿಕೊಂಡು ಇಂಗ್ಲಿಷ್ ಹಾಡುಗಳನ್ನು ಹಾಡುತ್ತಿದ್ದವರು. ಆಮೇಲೆ ಇಂಗ್ಲೆಂಡಿಗೆ ಹೋಗಿ 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಹಾಡನ್ನು ನಿರ್ಮಿಸಿ ಜಗತ್ತನ್ನೇ ಕುಣಿಸಿದರು. ಚಿತ್ರ ಮಾಡಿದ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು. ಬೇರೆಯವರ ಹಾಡನ್ನು ಹಾಡುತ್ತಾ ಬೆಳೆದ ಒಬ್ಬ ಬೆಂಗಳೂರು ಹುಡುಗ ಮಾಡಿದ ಹಾಡು ಲಂಡನ್ನು, ಬೊಂಬಾಯಿ ಸುತ್ತಿಕೊಂಡು ನಮ್ಮ ಪೆಂಡಾಲಿಗೆ ಬಂತು. ಕಾಂಗೋ ಹುಡುಗನಿಗೆ ಇದು ಗೊತ್ತಿದ್ದಿದ್ದರೆ ಇನ್ನೆರಡು ಪೆಟ್ಟು ಜೋರಾಗಿಯೇ ಹಾಕುತ್ತಿದ್ದ.

ಆಮೇಲೆ 1987 ಬಂತು, ‘ಪ್ರೇಮಲೋಕ’ ಬಂತು. ನಾವು ಪ್ರೌಢಶಾಲೆಯಲ್ಲಿದ್ದೆವು. ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಕೊಬ್ಬರಿ ಮಂಡಿಯಲ್ಲಿ ಎಲ್ಲಿ ನಿಂತರೂ ಅದೇ ಕ್ಯಾಸೆಟ್. ಇಬ್ಬರು ಮಾತಾಡಿಕೊಂಡಂತೆ ಹಾಡು ಬರೆಯಬಹುದು ಎಂದು ಹಂಸಲೇಖ ತೋರಿಸಿಕೊಟ್ಟರು. ನಮಗೆ ಅದು ಹಬ್ಬ, ಆರ್ಕೆಸ್ಟ್ರಾದವರಿಗೆ ಪರೀಕ್ಷೆ. ಡೋಲಕ್, ಬ್ಯಾಂಜೋ, ಒಂದು ಅಕಾರ್ಡಿಯನ್ ಇಟ್ಟುಕೊಂಡು ಆ ಸದ್ದನ್ನು ತರುವುದು ಹೇಗೆ? ಮಿಮಿಕ್ರಿ ಮಾಡುವವರು ಬೈಕಿನ ಸದ್ದನ್ನು ಬಾಯಲ್ಲೇ ಹೊರಡಿಸಿದರು, ದರ್ಜಿ ಅಣ್ಣ ಹುಡುಗಿಯ ಮಾತುಗಳನ್ನು ಆಡಿದರು, ಜನ ಕುಣಿದರು. ಆದರೂ ಪಕ್ಕದೂರಿನ ತಂಡ ಕೀಬೋರ್ಡ್ ತಂದಿದೆ ಎಂಬ ಸುದ್ದಿ ಬಂದ ಮೇಲೆ ನಮ್ಮವರು ಸುಮ್ಮನಿರುವಂತಿರಲಿಲ್ಲ. ಮಂಡಿಯ ಸಾಹುಕಾರರ ಬಳಿ ಸಾಲ ಮಾಡಿ ಬೆಂಗಳೂರಿನಿಂದ ಒಂದು ಕ್ಯಾಸಿಯೋ ತಂದರು. ಪಿಟೀಲು, ಕೊಳಲು, ತಾಳ ಎಲ್ಲವೂ ಅದರಲ್ಲೇ.

1988ರ ಗಣಪತಿಗೆ ಬ್ಯಾಂಜೋ ಮೇಷ್ಟ್ರು ಹಿಂದಿನ ಸಾಲಿನಲ್ಲಿ, ತಬಲದ ಪಕ್ಕ ಕೂತಿದ್ದರು. ಮುಂದೆ ಅವರ ಜಾಗದಲ್ಲಿ ಕ್ಯಾಸಿಯೋ. ಹೆಚ್ಚಿನ ಹಾಡುಗಳಿಗೆ ಬ್ಯಾಂಜೋವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ತಾಳ ಹಾಕುತ್ತಿದ್ದರು. ನನಗೆ ಸಂಕಟವಾಗಿ ನಿನ್ನ ಕೈ ಹಿಡಿದು ಜಗ್ಗಿದ್ದೆ. ನೀನೇ ಅಲ್ಲವೇ ಅಂದು ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಬರೆದದ್ದು? ‘ನಗುವ ನಯನ, ಬ್ಯಾಂಜೋದಲ್ಲಿ’ ಎಂದು. ಸುಮ್ಮನೆ ಕೊಟ್ಟರೆ ಓದುವುದಿಲ್ಲ ಎಂದು ನಿನ್ನ ಬಳಿ ಇದ್ದ ಎರಡು ರೂಪಾಯಿ ನೋಟನ್ನೂ ಸೇರಿಸಿದ್ದೆ. ನಿರೂಪಕರು ಅದನ್ನು ಮೈಕಿನಲ್ಲಿ ಓದಿದಾಗ ಮೇಷ್ಟ್ರು ತಲೆ ಎತ್ತಿ ಜನರ ಕಡೆ ನೋಡಿದರು. ಕೀಬೋರ್ಡಿನವನು ಎದ್ದು ಅವರಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಅವರು ಕುರ್ಚಿಯನ್ನು ಪಕ್ಕಕ್ಕಿಟ್ಟು ನೆಲದ ಮೇಲೇ ಕೂತು, ಮೈಕನ್ನು ಕೆಳಕ್ಕೆ ಬಗ್ಗಿಸಿಕೊಂಡು ನುಡಿಸಿದರು. ಎರಡು ಸಲ ಅದೇ ಚರಣ. ಆಮೇಲೆ ಒನ್ಸ್ ಮೋರ್ ಬಂದು ಇನ್ನೆರಡು ಸಲ.

ಆ ರಾತ್ರಿ ನಿಮ್ಮ ಅಪ್ಪಾಜಿಯ ಟೂ ಇನ್ ಒನ್ ನಿನ್ನ ಮಡಿಲಲ್ಲಿತ್ತು. ಕೆಂಪು ಗುಂಡಿಯನ್ನು ನೀನು ಯಾವಾಗ ಒತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ. ಮರುದಿನ ಮಧ್ಯಾಹ್ನ ನಿಮ್ಮ ಅಟ್ಟದ ಮೇಲೆ ಕೂತು ಕೇಳಿದೆವು. ಜನರ ಗಲಾಟೆ, ಮಗುವಿನ ಅಳು, ಕಡಲೆಕಾಯಿ ಮಾರುವವನ ಕೂಗು, ಇವುಗಳ ನಡುವೆ ದೂರದಲ್ಲಿ ಬ್ಯಾಂಜೋ.

ಈಗ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ನಿನಗೆ ತಿಳಿಸಿದ್ದೆ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅವರ ಮಗಳನ್ನು ಕಂಡು ಬಂದೆ. ಬ್ಯಾಂಜೋವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಿದ್ದಾರೆ, ಎರಡು ತಂತಿ ತುಂಡಾಗಿವೆ. ಅವರ ಮನೆಯಲ್ಲಿ ಮೇಷ್ಟ್ರ ಫೋಟೋ ಮೂರಿವೆ, ನುಡಿಸಿದ ಒಂದು ಸ್ವರವೂ ಇಲ್ಲ. ಮೂವತ್ತು ವರ್ಷ ಪ್ರತಿ ಗಣಪತಿ, ಪ್ರತಿ ರಾಜ್ಯೋತ್ಸವ, ಸುತ್ತಲಿನ ಹಳ್ಳಿಗಳ ಜಾತ್ರೆ, ಎಷ್ಟೋ ಮದುವೆ ನುಡಿಸಿದವರದು ಏನೂ ಇಲ್ಲ. ಯಾರದೋ ಹಾಡು ತಾನೇ, ಕ್ಯಾಸೆಟ್ ಅಂಗಡಿಯಲ್ಲಿ ಸಿಗುತ್ತದಲ್ಲ ಎಂದು ಯಾರಿಗೂ ರೆಕಾರ್ಡ್ ಮಾಡಿಡಬೇಕು ಅನಿಸಲಿಲ್ಲ. ಎಸ್‌ಪಿಬಿ 2020ರ ಸೆಪ್ಟೆಂಬರಿನಲ್ಲಿ ಹೋದಾಗ ನೀನು ಫೋನ್ ಮಾಡಿ ಅತ್ತೆ, ನಾನೂ ಅತ್ತೆ. ಆದರೆ ಅವರ ದನಿ ಎಲ್ಲೂ ಹೋಗಿಲ್ಲ, ಬೇಕಾದಾಗ ಜೇಬಿನಿಂದ ಮೊಬೈಲ್ ತೆಗೆದರೆ ಸಿಗುತ್ತದೆ. ನಮ್ಮ ಮೇಷ್ಟ್ರ ಆ ನಡುಗುವ ಸ್ವರ, ದರ್ಜಿ ಅಣ್ಣ ಗಾಡಿಯ ಕೂಗಿಗೆ ಹಿಡಿದ ಆ ಉಸಿರು, ಇವು ಎಲ್ಲಿ ಸಿಗುತ್ತವೆ? ನನಗೆ ಗೊತ್ತಿರುವಂತೆ ನಿನ್ನ ಹತ್ತಿರ ಒಂದೇ ಒಂದು ಕಡೆ.

ನಿಮ್ಮ ಹಳೆಯ ಮನೆ ಖಾಲಿ ಮಾಡುವಾಗ ಕ್ಯಾಸೆಟ್‌ಗಳ ರಟ್ಟಿನ ಪೆಟ್ಟಿಗೆಯನ್ನು ತಂಗಿಯ ಮನೆಯಲ್ಲಿಟ್ಟಿದ್ದೇನೆ ಎಂದಿದ್ದೆ. ನೀನು ಹೂಂ ಎಂದರೆ ನಾಳೆಯೇ ತಿಪಟೂರಿಗೆ ಹೋಗಿ ತರುತ್ತೇನೆ. ತಂಗಿಗೆ ಒಂದು ಮಾತು ಹೇಳಿಡು. ಅವಳು ಆಸೆಗೆ ಯಾವುದಾದರೂ ಟೇಪ್ ರೆಕಾರ್ಡರ್‌ಗೆ ಹಾಕಿ ನೋಡುವುದು ಬೇಡ. ಇಷ್ಟು ವರ್ಷ ಸುತ್ತಿಟ್ಟ ಟೇಪು ಒಂದಕ್ಕೊಂದು ಅಂಟಿಕೊಂಡಿರಬಹುದು, ಯಂತ್ರ ಎಳೆದರೆ ಹರಿಯಬಹುದು. ಮೊದಲು ಪೆನ್ಸಿಲ್ ತೂರಿಸಿ ಕೈಯಲ್ಲೇ ಮೆಲ್ಲಗೆ ಒಂದು ಸಲ ಪೂರ್ತಿ ಸುತ್ತಬೇಕು. ಟೇಪಿನ ಹಿಂದೆ ಒತ್ತುವ ಸಣ್ಣ ಸ್ಪಂಜು ಉದುರಿದೆಯೇ ನೋಡಬೇಕು. ಮೇಲಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿದಿರದಿದ್ದರೆ ಮುರಿಯಬೇಕು, ತಪ್ಪಿ ಕೆಂಪು ಗುಂಡಿ ಒತ್ತಿದರೂ ಅಳಿಸಿಹೋಗಬಾರದು. ಶನಿವಾರದ ಕಾರ್ಯಕ್ರಮದಲ್ಲಿ ಬೇಸ್ ನುಡಿಸಿದ ಆ ಹುಡುಗಿಯನ್ನು ಹೊರಗೆ ಮಾತಾಡಿಸಿದೆ. ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು ಅವಳಿಗೆ ಗೊತ್ತಿದೆಯಂತೆ. ದುಡ್ಡು ಬೇಡ, ಒಂದು ಸಲ ತಾನೂ ಕೇಳಬೇಕು ಎಂದಳು.

ಕ್ಯಾಸೆಟ್‌ನ ಮೇಲೆ ನೀನು ನೀಲಿ ಶಾಯಿಯಲ್ಲಿ ‘ಗಣಪತಿ 88’ ಎಂದು ಬರೆದಿದ್ದೆ. ಕವರಿಗೆ ಹಿಂದಿನ ಕಡೆಯಿಂದ ಬಿರುಕು ಬಿಟ್ಟಿತ್ತು. ನನ್ನ ನೆನಪು ಸರಿಯೇ?

ಬೇಗ ಉತ್ತರ ಬರೆ.

ನಿನ್ನ ಗೆಳೆಯ